ಕನಸಿನ ಜಗಲಿಯ ಕಟ್ಟಳೆ

ಪುಸ್ತಕಗಳಿಗೆ ರಟ್ಟು ಕಟ್ಟುವ ಆಕೆಯ ಅಂಗಡಿಯಲ್ಲಿ, ಅಂಟು ಒಣಗುವ ಮಧ್ಯಾಹ್ನಗಳಿಗೆ ಅರೆನಿದ್ದೆಯ ಬಣ್ಣವಿತ್ತು. ಮೇಜಿನಡಿ ಪುಟ್ಟ ಕಂಪ್ಯೂಟರೊಂದು ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಅದರೊಳಗೆ ‘ಕನಸಿನ ಜಗಲಿ’: ಜನ ಎದ್ದ ಕೂಡಲೇ ತಾವು ಕಂಡ ಕನಸನ್ನು ಬರೆಯುವ ಜಾಲತಾಣ. ಇಂಥ ತಾಣಗಳು ಊರೂರಿಗೂ ಇದ್ದವು. ಎಲ್ಲಕ್ಕೂ ಒಬ್ಬ ಒಡೆಯನೆಂಬುವನಿಲ್ಲ. ಒಂದರಲ್ಲಿ ಬರೆದದ್ದನ್ನು ಇನ್ನೊಂದರವರೂ ಓದಿ ಉತ್ತರಿಸುವಂತೆ ನಡುವಿನ ಬಾಗಿಲು ತೆರೆದಿರುತ್ತಿತ್ತು. ತನ್ನ ಜಗಲಿಗೆ ಆಕೆ ಇಟ್ಟಿದ್ದು ಒಂದೇ ಕಟ್ಟಳೆ: ಯಾರ ಕನಸನ್ನೂ ಹೀಯಾಳಿಸಬಾರದು.

ಅದನ್ನು ಮುರಿದವನು ಆಕೆಯ ಸೋದರಮಾವನೇ. ರೈಲು ನಿಲ್ದಾಣದಲ್ಲಿ ಜೀವಮಾನವಿಡೀ ಘೋಷಣೆ ಕೂಗಿ ನಿವೃತ್ತನಾದ ಅವನಿಗೆ, ತನ್ನ ದನಿಗೆ ಇಡೀ ಊರು ಕಿವಿಗೊಡಬೇಕೆಂಬ ಚಟ. ಪಕ್ಕದೂರಿನ ತಾಣದ ದಾದಿಯೊಬ್ಬಳು, ತೀರಿಹೋದ ಮಗಳು ಕನಸಿನಲ್ಲಿ ಬಂದು ಜಡೆ ಹೆಣೆಸಿಕೊಂಡಳೆಂದು ಬರೆದಿದ್ದಳು. ಮಾವ ಅದರ ಕೆಳಗೆ ಬರೆದ: ‘ಇದು ಕನಸಲ್ಲ, ಅಜೀರ್ಣ.’ ಬೇಡವೆಂದರೂ ದಿನಾ ಅದನ್ನೇ ಬರೆದ. ಆ ತಾಣದವರು ಹೇಳಿಕಳಿಸಿದರು: ‘ಅವರನ್ನು ಸುಮ್ಮನಾಗಿಸಿ. ಇಲ್ಲವಾದರೆ ನಿಮ್ಮ ಕಡೆಯ ಬಾಗಿಲನ್ನೇ ಮುಚ್ಚುತ್ತೇವೆ.’

ಆಕೆ ಮಾವನ ಮಾತುಗಳನ್ನು ಅಳಿಸಿ, ಅವನನ್ನು ಹೊರಗಿಟ್ಟಳು. ಮಾವ ಅಂಗಡಿಗೇ ಬಂದ, ಮುಖ ಕೆಂಡ.

“ನನ್ನ ಬಾಯಿಗೇ ಬೀಗ ಹಾಕ್ತೀಯೇನೇ? ನಿನ್ನ ಎತ್ತಿ ಆಡಿಸಿದವನು ನಾನು!”

“ಬೀಗ ಎಲ್ಲಿ ಹಾಕ್ದೆ ಮಾವ? ನಿಮ್ಮದೇ ಒಂದು ತಾಣ ಮಾಡ್ಕೊಡ್ತೀನಿ, ಬಾಯ್ತುಂಬ ಮಾತಾಡಿ. ಆದ್ರೆ ಕೇಳಲೇಬೇಕು ಅಂತ ಯಾರ ಕಿವೀನೂ ಹಿಡಿಯೋಕಾಗಲ್ಲ.”

ಮಾಡಿಯೂ ಕೊಟ್ಟಳು. ಮಾವ ಅಲ್ಲಿ ಗುಡುಗಿದ, ಬೈದ, ಕಟ್ಟಳೆಗಳನ್ನು ಗೇಲಿ ಮಾಡಿದ. ಉಳಿದ ತಾಣಗಳು ಒಂದೊಂದಾಗಿ ಅವನತ್ತ ಬಾಗಿಲು ಮುಚ್ಚಿದವು. ಆಕೆಯದೊಂದು ಮಾತ್ರ ತೆರೆದಿತ್ತು. ಬರಬರುತ್ತಾ ಅವನ ಮಾತು ತೆಳುವಾಯಿತು. ಒಂದು ಬೆಳಿಗ್ಗೆ, ಮೊದಲ ಬಾರಿಗೆ, ಕನಸೊಂದನ್ನು ಬರೆದ: ಮಂಜು ತುಂಬಿದ ನಿಲ್ದಾಣ, ಬಿಳಿಯ ರೈಲುಗಳು ಸದ್ದಿಲ್ಲದೆ ತೇಲಿ ಬರುತ್ತಿವೆ, ತಾನು ಕೂಗಿದ್ದೆಲ್ಲ ಹತ್ತಿಯಂತೆ ಉದುರುತ್ತಿದೆ, ಬೆಂಚಿನ ಮೇಲೆ ಕೂದಲು ಬಿಚ್ಚಿಕೊಂಡ ಹೆಣ್ಣುಮಗುವೊಂದು ಕೂತಿದೆ, ಯಾವ ರೈಲು ಹತ್ತಬೇಕೆಂದು ಅದಕ್ಕೆ ತಿಳಿಯದು.

ಸಂಜೆ ಫೋನ್ ಮಾಡಿದ. “ಆ ತಾಯಿಗೆ ತಪ್ಪಾಯ್ತು ಅಂತ ಹೇಳ್ತೀಯಾ?”

“ಮಾತು ನಿಮ್ದು, ನೀವೇ ಹೇಳಿ ಮಾವ. ಬಾಗಿಲು ತೆಗೀತಾರಾ ಅಂತ ಬೇಕಾದ್ರೆ ಕೇಳ್ತೀನಿ.”

ಆ ತಾಣದವರು ದಾದಿಯನ್ನೇ ಕೇಳಿದರು. ‘ಬರಲಿ. ನಾನು ಮಾತ್ರ ಉತ್ತರ ಕೊಡಲಾರೆ’ ಎಂದಳು. ಬಾಗಿಲು ತೆರೆಯಿತು. ಮಾವ ಕ್ಷಮೆ ಕೇಳಿದ, ಉತ್ತರ ಬರಲಿಲ್ಲ. ಮಾರನೆಯ ಬೆಳಿಗ್ಗೆ ಮತ್ತೊಂದು ಕನಸು ಬರೆದ, ಯಾರೋ ಮಲಗಿರುವ ಕೋಣೆಯಲ್ಲಿ ಮೆಲ್ಲನೆ ಮಾತಾಡುವವನಂತೆ. ಆಕೆ ಕೈಯಲ್ಲಿದ್ದ ಅಂಟಿನ ಕುಂಚವನ್ನು ಕೆಳಗಿಟ್ಟು, ಕೊನೆಯವರೆಗೂ ಓದಿದಳು.