ಮೂಗಿನ ಮರ್ಯಾದೆ

ಸಾಮ್ರಾಜ್ಯಗಳು ಉರುಳುವ ಮುನ್ನ ಸೂಚನೆಗಳು ಕಾಣುತ್ತವಂತೆ. ಆ ಶೆಡ್ಡಿನಲ್ಲಿ ಬೆಳಿಗ್ಗೆ ಕಂಡ ಸೂಚನೆ ಇಷ್ಟೇ: ಎಂಟುನೂರು ಕೋಳಿಗಳೂ ಮೇವಿಗೆ ಬೆನ್ನು ತಿರುಗಿಸಿ ನಿಂತಿದ್ದವು.

ಪಶುವೈದ್ಯರು ಬಾಗಿಲಲ್ಲೇ ಕಣ್ಣೊರೆಸಿಕೊಂಡರು. "ಅಬ್ಬಬ್ಬಾ! ಇದು ಮೇವಾ, ಮಂಡಿನೋವಿನ ಮುಲಾಮಾ?"

ಮೇವಿಗೆ ಬೆರೆಸಲು ಗಿಡಮೂಲಿಕೆ ಎಣ್ಣೆ ತರಿಸಿದವಳು ಸೊಸೆ. ಮೂರು ತಿಂಗಳಲ್ಲಿ ಕೋಳಿಗಳ ಭೇದಿ ನಿಂತು, ಔಷಧದ ಡಬ್ಬಿಗಳು ಅಟ್ಟ ಸೇರಿದ್ದವು. ಅವಳ ಮಾತಿಗೆ ಮನೆಯಲ್ಲಿ ತೂಕ ಬಂದದ್ದೂ ಆಗಲೇ.

ಮಾವ ಮೂಲೆಯಲ್ಲಿದ್ದ. ನಲವತ್ತು ವರ್ಷ ಮೇವಿನ ಗಿರಣಿಯಲ್ಲಿ ದುಡಿದವನು. ಮುಗ್ಗಲು ಜೋಳವನ್ನು ಚೀಲ ಬಿಚ್ಚುವ ಮೊದಲೇ ಮೂಸಿ ಹೇಳುತ್ತಿದ್ದುದರಿಂದ ಊರಿಗೆಲ್ಲ ಮೂಗಣ್ಣ. ಹೋದ ತಿಂಗಳ ಜ್ವರ ಆ ಮೂಗಿನ ಶಕ್ತಿಯನ್ನು ಹೊತ್ತುಕೊಂಡು ಹೋಗಿತ್ತು. ಹಾಲು ಸೀದರೂ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಕೈ ಮುರಿದರೆ ಹೇಳಬಹುದು, ಹೆಸರೇ ಮುರಿದರೆ ಹೇಗೆ ಹೇಳುವುದು?

ನಿನ್ನೆ ಸೊಸೆ ವಾರದ ಮೇವಿಗೆ ಏಳು ಮುಚ್ಚಳ ಎಣ್ಣೆ ಹಾಕಿ ಒಳಗೆ ಹೋದ ಮೇಲೆ, ಕಲಸುತ್ತಿದ್ದ ಮಾವ ಒಂದು ಹಿಡಿ ಎತ್ತಿ ಮೂಸಿದ. ಏನೂ ಇಲ್ಲ. ಒಂದು ಮುಚ್ಚಳ ಹಾಕಿ ಮೂಸಿದ. ಇನ್ನೊಂದು ಹಾಕಿದ. ಆಮೇಲೆ ಹಾಕಿದ್ದು ಕೋಳಿಗಲ್ಲ, ಮೂಗಿನ ಮೇಲಿನ ಹಟಕ್ಕೆ. ಎಷ್ಟೆಂದು ಎಣಿಸಲೂ ಇಲ್ಲ.

"ಹದವಾಗಿ ಹಾಕಿದ್ರೆ ಹೊಟ್ಟೆಗೆ ಒಳ್ಳೇದು, ಸುರಿದ್ರೆ ಕರುಳು ಸುಡುತ್ತೆ. ಗಿಡದ್ದು ಅಂದ್ರೆ ಎಷ್ಟಾದ್ರೂ ಹಾಕಬಹುದಾ?" ಎಂದರು ವೈದ್ಯರು. "ಅಳತೆ ಯಾರದು?"

"ನನ್ನದೇ ಸಾರ್," ಎಂದಳು ಸೊಸೆ. "ಮಗು ಅಳ್ತಿತ್ತು, ಎದ್ದು ಹೋಗಿ ಬಂದು ಮತ್ತೆ ಮೊದಲಿಂದ ಹಾಕಿದೆನೇನೋ..." ಮಾವನ ಕಡೆ ತಿರುಗಿದಳು. "ಮಾವ, ಕಲಸುವಾಗ ನಿಮಗೆ ಘಾಟು ಹೊಡೀಲಿಲ್ವಾ?"

ನಿಜ ನಾಲಿಗೆಯ ತುದಿಗೆ ಬಂದಿತ್ತು.

"ಹೊಡೀತಮ್ಮ," ಎಂದ ಮಾವ. "ನೀನು ಓದಿದವಳು, ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ಮನಾದೆ."

"ಒಂದು ಸಲ ಬೈದಿದ್ರೂ ಆಗ್ತಿತ್ತಲ್ಲ ಮಾವ," ಎಂದು ಅವಳು ಮೊಣಕಾಲೂರಿ ಮೇವನ್ನು ಬುಟ್ಟಿಗೆ ತುಂಬತೊಡಗಿದಳು. ಮಾವ ಕೋಳಿಗಳಂತೆಯೇ ಗೋಡೆಯ ಕಡೆ ತಿರುಗಿದ.

"ಓದಿದವರ ಅಳತೆ ನೋಡಿದ್ದಾಯ್ತು," ಎಂದ ವೈದ್ಯರನ್ನು ಕರೆತಂದಿದ್ದ ಮಗ, ಹೆಂಡತಿಗೆ ಕೇಳುವ ಹಾಗೆ. "ಇನ್ಮೇಲೆ ಅಪ್ಪನೇ ಹಾಕ್ಲಿ. ಅವರ ಮೂಗು ಮೋಸ ಮಾಡಲ್ಲ."

ಆ ವಾರ ಮೊಟ್ಟೆ ಅರ್ಧಕ್ಕಿಳಿಯಿತು. ಎಣ್ಣೆಯ ಕ್ಯಾನನ್ನು ಸೊಸೆಯೇ ತಂದು ಮಾವನ ಕೈಗೆ ಕೊಟ್ಟಳು, ಅವನು ತೆಗೆದುಕೊಂಡ.