ಚಿಕ್ಕನ ಬಾಕಿ

ಬೋರ್ಡಿನ ಮೇಲೆ ಬ್ರಷ್ ಕಾರ್ಖಾನೆ ಎಂದು ದೊಡ್ಡದಾಗಿ ಬರೆದಿತ್ತೇ ಹೊರತು ಒಳಗಿದ್ದದ್ದು ಎರಡೇ ಕೋಣೆ. ಮುಂದಿನದರಲ್ಲಿ ಮರದ ಹಿಡಿಗಳ ರಾಶಿ, ತಂತಿಯ ಸುರುಳಿ, ಕಟ್ಟುಕಟ್ಟು ನಾರು, ಇವುಗಳ ನಡುವೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಯಜಮಾನ. ಮೂಲೆಯ ಮೇಜಿನಲ್ಲಿ ಅವನ ಹೆಂಡತಿ. ಬಿಲ್ಲು, ತೆರಿಗೆ, ಬ್ಯಾಂಕು ಎಲ್ಲ ಅವಳ ಕೈಯಲ್ಲಿ. ಬೀದಿಯವರಿಗೆ ಅವಳು ಲೆಕ್ಕದಕ್ಕ. ಹಿಂದಿನ ಕೋಣೆಯಲ್ಲಿ ಒಂದು ಉದ್ದನೆಯ ಬೆಂಚು. ಅದು ಅವಳ ಮೈದುನನದು.

ಮೈದುನನನ್ನು ಮನೆಮಂದಿ ಕರೆಯುತ್ತಿದ್ದದ್ದೇ ಚಿಕ್ಕ ಎಂದು. ತಲೆ ಬೋಳಾಗಿ, ಹೊಟ್ಟೆ ಮುಂದೆ ಬಂದು, ಎರಡು ಮಕ್ಕಳ ತಂದೆಯಾದ ಮೇಲೂ ಚಿಕ್ಕನೇ. ಅವನು ಬ್ರಷ್ ಕಟ್ಟುವುದನ್ನು ಕಲಿತದ್ದು ಆ ಬೆಂಚಿನ ಮೇಲೆ. ಕಟ್ಟಿದ ಒಂದೊಂದನ್ನೂ ಕೆನ್ನೆಗೆ ಸವರಿ ನೋಡುವುದು ಅವನ ಚಾಳಿ. ಕಣ್ಣು ಮುಚ್ಚಿದರೆ ಪಾಸು. ಮುಖ ಕಿವುಚಿದರೆ ಬಿಚ್ಚಿ ಮತ್ತೆ ಕಟ್ಟುವುದು.

“ಬ್ರಷ್ ನೋಡ್ತಿದೀಯೋ, ಗಡ್ಡ ಕೆರ್ಕೊಳ್ತಿದೀಯೋ?” ಎಂದು ಅಣ್ಣ ಮುಂದಿನ ಕೋಣೆಯಿಂದ ಕೂಗುತ್ತಿದ್ದ.

“ಒಂದೇ ಕೂಲಿಗೆ ಎರಡು ಕೆಲಸ ಆಗ್ತಿದೆಯಲ್ಲ, ಬಿಡಣ್ಣ!”

ಮದುವೆಯಾದ ಮೇಲೆ ಚಿಕ್ಕ ಪಕ್ಕದ ಊರಿನಲ್ಲಿ ಅಂಗಡಿ ಹಾಕಿದ. ಅಣ್ಣ ಮಾಡಿದ ಬ್ರಷ್ಷನ್ನು ತಮ್ಮ ಮಾರುವುದು. ಮಾಲು ಸಾಲದ ಮೇಲೆ ಹೋಗುತ್ತಿತ್ತು. ತಿಂಗಳ ಕೊನೆಗೆ ಲೆಕ್ಕದಕ್ಕ ಬಾಕಿಯ ಪಟ್ಟಿ ಮಾಡಿ ಕಳಿಸುತ್ತಿದ್ದಳು. ಪಟ್ಟಿಯ ಅಡಿಯಲ್ಲಿ ಅಣ್ಣ ತನ್ನ ಕೈಯಾರೆ ಒಂದು ಬೈಗುಳ ಬರೆಯದೆ ಲಕೋಟೆ ಅಂಟಿಸುವಂತಿರಲಿಲ್ಲ. “ದುಡ್ಡೆಲ್ಲಿ, ಸೋಮಾರಿ?” ಚಿಕ್ಕ ಅದೇ ಹಾಳೆಯ ಮೇಲೆ ಉತ್ತರ ಬರೆದು, ಚೆಕ್ಕಿನ ಜೊತೆ ವಾಪಸ್ ಕಳಿಸುತ್ತಿದ್ದ. “ನಿನ್ನ ಜೇಬಲ್ಲೇ ಇದೆ, ಸರಿಯಾಗಿ ಹುಡುಕು.” ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡಿದವರಲ್ಲ ಅಣ್ಣತಮ್ಮಂದಿರು. ಅವರ ಮಾತೆಲ್ಲ ನಡೆಯುತ್ತಿದ್ದದ್ದು ಆ ಹಾಳೆಯ ಅಡಿಯಲ್ಲಿ.

ಕೊನೆಯ ಸಲ ಚಿಕ್ಕ ಕೈ ಮೀರಿ ಮಾಲು ತರಿಸಿದ. “ಇಲ್ಲಿ ಕಟ್ಟಡದ ಮೇಲೆ ಕಟ್ಟಡ ಏಳ್ತಿದೆ ಅತ್ತಿಗೆ, ಬಣ್ಣದವರು ಮುಗಿಬೀಳ್ತಾರೆ ನೋಡ್ತಿರಿ” ಎಂದಿದ್ದ. ಪೆಟ್ಟಿಗೆಗಳು ಬಂದು ಕೂತವು, ಬಣ್ಣದವರು ಬರುವ ಮೊದಲೇ ಒಂದು ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಎತ್ತಿದವನು ಎದೆ ಹಿಡಿದುಕೊಂಡು ಅಲ್ಲೇ ಕುಸಿದ. ನೆರೆಯವರು ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೂ ಅಣ್ಣ ಪಟ್ಟಿ ಕಳಿಸುವುದನ್ನು ನಿಲ್ಲಿಸಲಿಲ್ಲ. “ಬಾಕಿ ಇದೆ ತಾನೆ? ಮಾಡು” ಎಂದು ಹೆಂಡತಿಗೆ ಹೇಳುವನು. ಅಡಿಯಲ್ಲಿ ಏನೋ ಬರೆದು, ತಾನೇ ಹೋಗಿ ಅಂಚೆ ಡಬ್ಬಕ್ಕೆ ಹಾಕಿ ಬರುವನು. ಈಗ ಅಂಗಡಿ ನಡೆಸುತ್ತಿದ್ದ ಓರಗಿತ್ತಿ, ಚಿಕ್ಕನ ಹೆಂಡತಿ, ಫೋನು ಮಾಡಿ, “ಭಾವನ ಕಾಗದ ಬಂತು ಅಕ್ಕಾ. ಇವರ ಜಾಗದಲ್ಲೇ ಇಟ್ಟಿದೀನಿ” ಎನ್ನುವಳು. ಅದರಲ್ಲಿ ಏನಿತ್ತೆಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ.

ಹೀಗಿರುವಾಗ ಕಟ್ಟಡದ ಮಾಲೀಕ ಬಂದು ಹಿಂದಿನ ಕೋಣೆಗೆ ಬಾಡಿಗೆಯ ಮುಂಗಡ ಹೆಚ್ಚಿಸಬೇಕು, ಆಗದಿದ್ದರೆ ಖಾಲಿ ಮಾಡಿ ಎಂದ. ಅಣ್ಣನ ಮುಖ ಕಪ್ಪಿಟ್ಟಿತು. ಲೆಕ್ಕದಕ್ಕ ತೆರಿಗೆ ಸಲಹೆಗಾರನ ಹತ್ತಿರ ಓಡಿದಳು. ಲೆಕ್ಕವನ್ನು ಸೊನ್ನೆಗೆ ತರದೆ ಊಟಕ್ಕೇಳದ ಆಸಾಮಿಗೆ ಊರು ಇಟ್ಟ ಹೆಸರು ಸೊನ್ನೆಯಪ್ಪ.

“ಅಲ್ಲಮ್ಮಾ, ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಅಲೀತಿದೀರಲ್ಲ!” ಎಂದ ಸೊನ್ನೆಯಪ್ಪ. “ನಿಮ್ಮ ಮೈದುನ ಮಾಲಿಗೆ ದುಡ್ಡು ಕೊಡ್ಲಿಲ್ಲ. ಆದ್ರೂ ಆ ಮಾಲಿನ ಮೇಲಿನ ಟ್ಯಾಕ್ಸ್ ನೀವು ಆಗ್ಲೇ ಕಟ್ಟಿದೀರಿ. ಕೈಗೆ ಬರದ ದುಡ್ಡಿಗೆ ಯಾಕೆ ಟ್ಯಾಕ್ಸ್? ಬಾಕಿ ವಸೂಲಾಗಲ್ಲ ಅಂತ ಬರೆದು ಅವರ ಖಾತೆ ಮುಚ್ಚಿ, ಕಟ್ಟಿದ ಟ್ಯಾಕ್ಸ್ ವಾಪಸ್ ಬರುತ್ತೆ. ಈ ತಿಂಗಳು ದಾಟಿದ್ರೆ ಮಾತ್ರ ನೀವುಂಟು ನಿಮ್ಮ ಹಣೆಬರಹ ಉಂಟು.”

ಕೂಡಿಸಿ ಕಳೆದು ನೋಡಿದರೆ ಮೊತ್ತ ಮುಂಗಡಕ್ಕೆ ಸರಿಯಾಗಿ ಸಾಕಾಗುತ್ತಿತ್ತು. ಖಾತೆ ಮುಚ್ಚುವ ಮಾತಿಗೆ ಗಂಡ ಮೊದಲು ಮುಖ ತಿರುಗಿಸಿದ. ಕೋಣೆ ಉಳಿಯುತ್ತದೆ ಎಂದಾಗ ಎದ್ದು ಹೋಗಿ ಬೆಂಚನ್ನು ಅಲ್ಲಾಡಿಸಿ ನೋಡಿದ. “ಒಂದು ಕಾಲು ಸಡಿಲ ಆಗಿದೆ ಕಣೇ. ರಿಪೇರಿ ಮಾಡಿಸ್ಬೇಕು” ಎಂದ. ಎಷ್ಟೋ ತಿಂಗಳ ಮೇಲೆ ಅವನ ದನಿಯಲ್ಲಿ ಜೀವ ಬಂದಿತ್ತು.

ಅರ್ಜಿ ತುಂಬಿ ಸಹಿಗೆ ಇಟ್ಟಳು. ಅದೇ ಮಧ್ಯಾಹ್ನ ಓರಗಿತ್ತಿಯ ಕಡತ ಬಂತು. ಚಿಕ್ಕ ಹೋದ ಮೇಲೆ ಆ ಅಂಗಡಿಯ ತೆರಿಗೆ ಲೆಕ್ಕವನ್ನೂ ಇವಳೇ ಮಾಡುತ್ತಿದ್ದಳು. ಅಲ್ಲಿ ವ್ಯಾಪಾರ ಅಷ್ಟಕ್ಕಷ್ಟೆ. ಕೊಂಡ ಮಾಲಿನ ಬಿಲ್ಲಿನಲ್ಲಿ ಸೇರಿದ್ದ ತೆರಿಗೆ ಅಂಗಡಿಯ ಹೆಸರಿಗೆ ಜಮೆಯಾಗಿತ್ತು, ಮಾರಿದ ಮಾಲಿಗೆ ಕಟ್ಟಬೇಕಾದ ತೆರಿಗೆ ಅದರ ಮುಂದೆ ಏನೇನೂ ಅಲ್ಲ. ಮಿಕ್ಕ ಜಮೆ ಸರ್ಕಾರದಿಂದ ವಾಪಸ್ ಬರಬೇಕು. ಮೊದಲಿಗೆ ಒಟ್ಟು ಜಮೆ ಎಷ್ಟು ಎಂದು ಬರೆದಳು. ಬರೆದ ಕೈ ನಿಂತಿತು. ಆ ಅಂಕಿಯನ್ನು ಅವಳು ಬೆಳಿಗ್ಗೆ ತಾನೇ ತಮ್ಮ ಅರ್ಜಿಯ ಹಾಳೆಯಲ್ಲಿ ಬರೆದಿದ್ದಳು.

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟಳು. ಅದೇ ಮಾಲು, ಅದೇ ತೆರಿಗೆ. ತಾವು ಕಟ್ಟಿದ್ದಕ್ಕೇ ಆ ಅಂಗಡಿಗೆ ಜಮೆ ಸಿಕ್ಕಿದ್ದು. ತಾವು ವಾಪಸ್ ಕೇಳಿದ ದಿನ ಅಲ್ಲಿಯ ಜಮೆ ರದ್ದಾಗುತ್ತದೆ. ಇಷ್ಟು ವರ್ಷ ಲೆಕ್ಕ ಮಾಡಿದವಳಿಗೆ ಇದು ಹೊಳೆಯದೆ ಹೋಯಿತೇ! ಸರ್ಕಾರದ ಖಜಾನೆಯಿಂದ ಬರುವ ದುಡ್ಡು ಅಂದುಕೊಂಡಿದ್ದಳು. ಬರುವುದಿದ್ದದ್ದು ಓರಗಿತ್ತಿಯ ಗಲ್ಲಾಪೆಟ್ಟಿಗೆಯಿಂದ.

ಫೋನು ಬಡಿದುಕೊಂಡಿತು. “ಅಕ್ಕಾ, ಕಡತ ಸಿಕ್ತಾ? ಆ ರೀಫಂಡು ಬರುತ್ತೋ ಇಲ್ವೋ? ಅಂಗಡಿ ಬಾಡಿಗೆ ನಿಂತಿದೆ. ಅದೊಂದು ಬಂದ್ರೆ ಬಾಗಿಲು ತೆಗೆದಿರ್ತೀನಿ, ಇಲ್ದಿದ್ರೆ…”

“ಬರುತ್ತೆ ಕಣೇ” ಎಂದುಬಿಟ್ಟಳು ಲೆಕ್ಕದಕ್ಕ. ಗಂಡನನ್ನು ಕೇಳಬೇಕೆಂಬುದು ಮಾತು ಬಾಯಿಂದ ಜಾರಿದ ಮೇಲೆ ನೆನಪಾಯಿತು.

ಅವನ ಮುಂದೆ ಎರಡೂ ಹಾಳೆ ಹರಡಿ ಬಿಡಿಸಿ ಹೇಳಿದಳು. ಅವನು ನಾರಿನ ಕಟ್ಟೊಂದನ್ನು ಸುಮ್ಮನೆ ತಿರುವುತ್ತ ಕೇಳಿದ.

“ಅಂದ್ರೆ, ಕೋಣೆ ಉಳಿಸ್ಕೊಂಡ್ರೆ ಅವಳ ಅಂಗಡಿ ಮುಚ್ಚುತ್ತೆ.”

“ಹೂಂ ರೀ.”

“ನಾವು ಅರ್ಜಿ ಹಾಕದೆ ಸುಮ್ನಿದ್ರೆ?”

“ಸೊನ್ನೆಯಪ್ಪನ್ನ ಕೇಳ್ದೆ. ಬಾಕಿ ಹಾಗೇ ತೂಗಾಡ್ತಿದ್ರೆ ಟ್ಯಾಕ್ಸ್ ಕಚೇರಿಯವರು ಇವತ್ತಲ್ಲ ನಾಳೆ ಅವಳ ಜಮೆಗೆ ಕೈ ಹಾಕ್ತಾರಂತೆ. ಮಾಲಿನ ದುಡ್ಡು ನಮಗೆ ಸಂದಾಯ ಆಗಿದ್ರೆ ಮಾತ್ರ ಜಮೆ ಗಟ್ಟಿ.”

“ಹಾಗಾದ್ರೆ ಸಂದಾಯ ಆಯ್ತು ಅಂತ ಬರಿ.”

“ಸುಳ್ಳು ಬರೀಲಾ? ಯಾವಾಗ ಕೊಟ್ಟ ಅವನು?”

ಅವನು ಚಪ್ಪಲಿ ಮೆಟ್ಟಿ ಹೊರಟ. ಸಂಜೆ ಹಿಂತಿರುಗಿ ಒಂದು ಕಟ್ಟು ನೋಟನ್ನು ಅವಳ ಮೇಜಿನ ಮೇಲಿಟ್ಟ. ಹಿಂದಿನ ಕೋಣೆಯ ಹಳೆಯ ಮುಂಗಡ. ಚಿಕ್ಕನಿಗೆ ಬೆಂಚು ಹಾಕಿಕೊಡಲೆಂದು ಅವನು ತನ್ನ ಸ್ವಂತ ಉಳಿತಾಯದಿಂದ ಕಟ್ಟಿದ್ದು. ಕೋಣೆ ಬಿಟ್ಟುಕೊಟ್ಟು ವಾಪಸ್ ತಂದಿದ್ದ.

“ತಗೋ. ಅವನಿಗೆ ಅಂತ ಇಟ್ಟಿದ್ದ ದುಡ್ಡು, ಅವನ ಬಾಕಿಗೇ ಹಾಕು. ಕಡಿಮೆ ಬಿದ್ದದ್ದು ನನ್ನ ಜೇಬಿಂದ ತಗೋ. ಸರಿಯಾಗಿ ಹುಡುಕು, ಇರುತ್ತೆ” ಎಂದ.

ಚಿಕ್ಕನ ಬಾಕಿ ಸಂದಾಯವಾಯಿತೆಂದು ಅವಳು ರಸೀದಿ ಬರೆದಳು. ಸಹಿಗೆಂದು ಇಟ್ಟಿದ್ದ ಅರ್ಜಿಯನ್ನು ಹರಿದಳು. ಚಿಕ್ಕನ ಖಾತೆ ಸೊನ್ನೆಗೆ ಬಂತು. ಸೊನ್ನೆಯಪ್ಪ ಕೇಳಿ, “ಹೀಗೂ ಸೊನ್ನೆ ಮಾಡ್ಬಹುದಾ ತಾಯಿ” ಎಂದವನು, ಆ ದಿನ ಫೀಸು ಕೇಳಲಿಲ್ಲ.

ಬೆಂಚನ್ನು ಮುಂದಿನ ಕೋಣೆಗೆ ಎಳೆದು ತಂದರು. ಎಲ್ಲಿಟ್ಟರೂ ಅಡ್ಡ. ಹೋಗುವವರಿಗೂ ಬರುವವರಿಗೂ ಸೊಂಟಕ್ಕೆ ಏಟು. ಕಡೆಗೆ ಒಂದು ತುದಿ ಗರಗಸದಿಂದ ಕೊಯ್ಯಬೇಕಾಯಿತು. ಕೊಯ್ಯುವಾಗ ಅಣ್ಣ ಅಲ್ಲಿರಲಿಲ್ಲ.

ತಿಂಗಳು ಮುಗಿಯಿತು. ಲೆಕ್ಕದಕ್ಕ ಗಿರಾಕಿಗಳ ಪಟ್ಟಿಗಳನ್ನು ಮಡಿಸಿ ಲಕೋಟೆಗೆ ಹಾಕುತ್ತಿದ್ದಳು. ಅವನು ಪೆನ್ನು ಹಿಡಿದು ಪಕ್ಕಕ್ಕೆ ಬಂದು ನಿಂತ.

“ಅವನದು?”

“ಬಾಕಿ ಇಲ್ವಲ್ಲ ರೀ. ಏನಂತ ಕಳಿಸೋದು?”

ಅವನು ಪೆನ್ನಿಗೆ ಮುಚ್ಚಳ ಹಾಕಿದ. ಮುಚ್ಚಳ ಸರಿಯಾಗಿ ಕೂರಲಿಲ್ಲ, ಮತ್ತೆ ಹಾಕಿದ.

ಮುಂದಿನ ವಾರ ಓರಗಿತ್ತಿಯ ಫೋನು ಬಂತು. “ರೀಫಂಡು ಬಂತು ಅಕ್ಕಾ! ಬಾಡಿಗೆ ಕಟ್ಟಿ ಬಂದೆ. ಹೋದ ಜೀವ ಬಂದ ಹಾಗಾಯ್ತು.” ಆಮೇಲೆ ದನಿ ತಗ್ಗಿತು. “ಆದ್ರೆ ಈ ಸಲ ಭಾವನ ಕಾಗದ ಬರ್ಲೇ ಇಲ್ಲ. ಅಂಚೆಯವನನ್ನೂ ಕೇಳ್ದೆ. ಭಾವ ಹುಷಾರಾಗಿದಾರೆ ತಾನೆ?”

ಲೆಕ್ಕದಕ್ಕ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಗಂಡನ ಕಡೆ ನೋಡಿದಳು. ಅವನು ಮೊಟಕಾದ ಬೆಂಚಿನ ಮೇಲೆ ಕೂತಿದ್ದ. ಆಗ ತಾನೇ ಕಟ್ಟಿ ಮುಗಿಸಿದ ಬ್ರಷ್ಷನ್ನು ಕೆನ್ನೆಗೆ ಒತ್ತಿ ಹಿಡಿದಿದ್ದ. ಸವರಲಿಲ್ಲ. ಕಣ್ಣು ಮುಚ್ಚಲಿಲ್ಲ, ಮುಖ ಕಿವುಚಲೂ ಇಲ್ಲ.