ಬಾವಿ ಪಕ್ಕದ ಸಾಲು

ಟಾರ್ಪಾಲಿನ ಅಡಿಗೆ ಕೈ ಹಾಕಿದ ಕವಿತ ತಕ್ಷಣ ಹಿಂದಕ್ಕೆ ಎಳೆದುಕೊಂಡಳು. ಸೊಪ್ಪು ಬಿಸಿಯಾಗಿತ್ತು. ಮೇಲಿನ ಒಂದು ಪದರ ಬಿಟ್ಟರೆ ಒಳಗಿನ ಹಿಪ್ಪುನೇರಳೆ ಕಡ್ಡಿಗಳೆಲ್ಲ ಕಾವು ಹಿಡಿದು ಹಳದಿಗೆ ತಿರುಗಿದ್ದವು, ಎಲೆಗಳು ಬೆಂದಂತೆ ಕೈಗೆ ಅಂಟುತ್ತಿದ್ದವು. ರಾಶಿಯ ತಳದಿಂದ ಹುಳಿ ವಾಸನೆ ಬಂತು. ಇದನ್ನು ಹಾಕಿದರೆ ರೇಷ್ಮೆಹುಳು ತಿನ್ನುವುದಿಲ್ಲ. ತಿಂದರೂ ರೋಗ ಹಿಡಿದು ಸಾಯುತ್ತದೆ.

ಗೋಡೆಯಾಚೆಯ ಹುಳುಮನೆಯಲ್ಲಿ ಇನ್ನೂರು ಮೊಟ್ಟೆಯ ಹುಳು, ಲೆಕ್ಕಕ್ಕೆ ಲಕ್ಷದ ಹತ್ತಿರ, ನಾಲ್ಕನೇ ಜ್ವರ ಎದ್ದು ಅಂದಿಗೆ ಆರನೇ ದಿನ. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಸುಮ್ಮನೆ ಮಲಗುವುದು. ನಾಲ್ಕನೆಯದು ಎದ್ದ ಮೇಲಿನ ಅವುಗಳ ಹಸಿವಿಗೆ ಊರನ್ನೇ ತಂದು ಸುರಿದರೂ ಸಾಲದು. ಇನ್ನೊಂದು ದಿನ, ಹೆಚ್ಚೆಂದರೆ ಒಂದೂವರೆ ದಿನ ಹೊಟ್ಟೆ ತುಂಬ ತಿಂದರೆ ಹಣ್ಣಾಗಿ ಗೂಡು ಕಟ್ಟುತ್ತವೆ. ಆ ಕೊನೆಯ ಮೇವು ಅವಳ ಕಣ್ಣೆದುರೇ ಕೊಳೆಯುತ್ತಿತ್ತು.

ತಪ್ಪು ಬೇರೆಯವರ ಮೇಲೆ ಹಾಕುವಂತಿರಲಿಲ್ಲ. ಮಂಗಳವಾರ ಮಳೆ ಎಂದು ಮೊಬೈಲ್ ಹೇಳಿತ್ತು. ಒದ್ದೆ ಸೊಪ್ಪು ಹುಳುವಿಗೆ ಆಗದು. ಮಳೆ ಹಿಡಿದುಕೊಂಡರೆ, ಆಳು ಬರದಿದ್ದರೆ, ಯಾರಾದರೂ ಸೊಪ್ಪು ಕೇಳಿಬಿಟ್ಟರೆ ಎಂದು ಹೆದರಿ ತೋಟದಲ್ಲಿದ್ದುದನ್ನೆಲ್ಲ ಸೋಮವಾರವೇ ಕೊಯ್ಯಿಸಿ ಒಟ್ಟಿ ಟಾರ್ಪಾಲು ಹೊದಿಸಿದ್ದಳು. ಬಾವಿ ಪಕ್ಕದ ಸಾಲನ್ನೂ ಬಿಟ್ಟಿರಲಿಲ್ಲ. ಮಳೆರಾಯ ಶಿಡ್ಲಘಟ್ಟದ ಕಡೆ ತಲೆಯನ್ನೇ ಹಾಕಲಿಲ್ಲ. ಇವತ್ತು ಗುರುವಾರ.

ಕಂಡಕ್ಟರ್ ಯೂನಿಫಾರ್ಮಿನ ಗುಂಡಿ ಹಾಕಿಕೊಳ್ಳುತ್ತ ಬಂದ ಗಂಡ ಸುನೀಲ್‌ಕುಮಾರ್ ರಾಶಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು. ಮೂರು ಕಡೆ ಫೋನ್ ಮಾಡಿದ.

"ಪೆರೇಸಂದ್ರದಲ್ಲೂ ಇಲ್ವಂತೆ ಕಣೇ. ಎಲ್ರದ್ದೂ ಒಂದೇ ಟೈಮಿಗೆ ಎದ್ದಿದೆ, ಯಾರು ಕೊಡ್ತಾರೆ?"

"ಒಂದ್ ದಿನದ್ದು ರೀ. ಒಂದೇ ದಿನ."

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅಂತಾರೆ. ಹುಳಕ್ಕೆ ಸೊಪ್ಪು ಮೇಯಿಸಬೇಕಾದೋರು ನಾವೇ ಅಲ್ವಾ." ಟಿಕೆಟ್ ಮಿಷನ್ನಿನ ಚೀಲ ಹೆಗಲಿಗೆ ಹಾಕಿಕೊಂಡ. "ಈ ಬೆಳೆ ನೋಡಣ ಅಂತ ನಾನೂ ಮಾತು ಕೊಟ್ಟಿದ್ದೆ. ಇದು ಹೋದ್ರೆ ಸಾಕು ಕವಿತ. ಭಾನುವಾರ ಜೆಸಿಬಿ ಕರೆಸಿ ತೋಟ ಕೀಳಿಸ್ತೀನಿ. ಗುಲಾಬಿ ಹಾಕಣ. ಅದಕ್ಕೆ ಹೀಗೆ ಹೊತ್ತೊತ್ತಿಗೆ ಉಣ್ಣಿಸೋದು ಇರಲ್ಲ."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ತೋಟದ ಒಂದೊಂದು ಕಡ್ಡಿಯನ್ನೂ ಊರಿದವಳು ಅವನ ತಾಯಿ ಓಬಳಮ್ಮ. ಅವಳು ತೀರಿಕೊಂಡು ಹನ್ನೊಂದು ತಿಂಗಳು. ತಾಯಿಯನ್ನು ಕಳೆದುಕೊಂಡ ಮಗ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದ, ನಿದ್ದೆ ಕೆಟ್ಟಿದ್ದು ಸೊಸೆಯದು.

ಓಬಳಮ್ಮ ಒಂದು ದಿನವೂ ಸೊಪ್ಪನ್ನು ಕೂಡಿಟ್ಟವಳಲ್ಲ. ಬೆಳಿಗ್ಗೆಯದು ಬೆಳಿಗ್ಗೆ, ಸಂಜೆಯದು ಸಂಜೆ. ಮಳೆ ಬಂದರೆ ಕಡ್ಡಿಗಳನ್ನು ಒದರಿ, ಜಗಲಿಯ ಮೇಲೆ ಆರಹಾಕಿ, ತಾನೂ ಅದರ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಬಾವಿ ಪಕ್ಕದ ಸಾಲಿಗೆ ಮಾತ್ರ ತನ್ನ ಹುಳುವಿಗೆಂದು ಕುಡುಗೋಲು ಹಾಕುತ್ತಿರಲಿಲ್ಲ. ಮೊದಲ ಗಿಡಕ್ಕೆ ಹಳೇ ಸೀರೆಯ ಪಟ್ಟಿಯೊಂದನ್ನು ಹರಿದು ಕಟ್ಟುತ್ತಿದ್ದಳು. ಅದು ಸೊಪ್ಪು ಸಾಲದೆ ಬಂದವರ ಪಾಲು. ಬಂದವರಿಗೆ ತಾನೇ ಕೊಯ್ದು, ಹೊರೆ ಕಟ್ಟಲು ಸೊಂಟದಿಂದ ಇನ್ನೊಂದು ಪಟ್ಟಿ ತೆಗೆಯುತ್ತಿದ್ದಳು. ಹುಳುಮನೆಯ ಬಾಗಿಲಲ್ಲಿ ನಿಂತು ಯಾರೂ 'ಇಲ್ಲ' ಅನ್ನಬಾರದು, ಹುಳುವಿಗೆ ಕೇಳಿಸುತ್ತದೆ ಎಂಬುದು ಅವಳ ಕಟ್ಟಪ್ಪಣೆ.

"ನಮಗೇ ಕಮ್ಮಿಯಾದ್ರೆ ಏನತ್ತೆ ಗತಿ?" ಎಂದು ಕವಿತ ಪ್ರತಿ ಬೆಳೆಯಲ್ಲೂ ಕೇಳುತ್ತಿದ್ದಳು.

"ನಾರು ಪೋಸಿನವಾಡು ನೀರು ಪೋಯಡಾ?" ಓಬಳಮ್ಮನದು ತೆಲುಗಿನ ತವರು. ಅದನ್ನೇ ಮತ್ತೆ ಕನ್ನಡದಲ್ಲೂ ಹೇಳದಿದ್ದರೆ ಅವಳಿಗೆ ಸಮಾಧಾನವಿಲ್ಲ. "ಪೈರು ನೆಟ್ಟೋನು ನೀರು ಬಿಡಲ್ವೇನಮ್ಮ? ಹುಳ ಕೊಟ್ಟೋನಿಗೆ ಸೊಪ್ಪು ಕೊಡೋದು ಗೊತ್ತಿಲ್ವಾ? ಚಿಂತಾಮಣಿಯಿಂದ ಸೊಸೆ ತಂದೆ ನೋಡು, ಊರ ಚಿಂತೆಯೆಲ್ಲ ಗಂಟು ಕಟ್ಕೊಂಡು ಬಂದವ್ಳೆ."

ಆಗೆಲ್ಲ ಕವಿತಳಿಗೆ ಮೈ ಉರಿಯುತ್ತಿತ್ತು. ಈಗ ಆ ಕುಟುಕು ಮಾತನ್ನು ಇನ್ನೊಂದು ಸಲ ಕೇಳಿಸಿಕೊಳ್ಳಲು ಏನು ಬೇಕಾದರೂ ಕೊಟ್ಟಾಳು. ಎಳೆತನದಲ್ಲೇ ತಾಯಿ ಹೋದವಳು ಅವಳು. ಬೈಯುತ್ತಲೇ ತಟ್ಟೆಗೆ ಇನ್ನೊಂದು ಮುದ್ದೆ ಇಡುವವರು ಅತ್ತೆ ಬಿಟ್ಟು ಮತ್ತೊಬ್ಬರಿರಲಿಲ್ಲ. ತಿಥಿಯಾದ ಮೇಲೆ ಟ್ರಂಕು ತೆಗೆದಾಗ ಒಳ್ಳೆಯ ಸೀರೆಗಳು ನಾದಿನಿಯರ ಪಾಲಾದವು. ಅವಳಿಗೆ ಅವು ಬೇಕಿರಲಿಲ್ಲ. ಅತ್ತೆ ಹುಳುಮನೆಯಲ್ಲಿ ಉಡುತ್ತಿದ್ದ ಹಸಿರು ಅಂಚಿನ ನೂಲಿನ ಸೀರೆಗಾಗಿ ಮನೆಯೆಲ್ಲ ಜಾಲಾಡಿದಳು. ಸಿಗಲಿಲ್ಲ. ಆ ಮಹಾತಾಯಿ ಅದನ್ನೂ ಪಟ್ಟಿ ಪಟ್ಟಿಯಾಗಿ ಹರಿದು ಯಾರ್ಯಾರದೋ ಹೊರೆಗೆ ಕಟ್ಟಿ ಕಳಿಸಿದ್ದಳು.

ಗಂಡ ಹೋದ ಮೇಲೆ ಕವಿತ ರಾಶಿಯನ್ನು ಕೆದಕಿ, ಬಾಡದ ಕಡ್ಡಿಗಳನ್ನು ಆರಿಸಿ ಹುಳುವಿಗೆ ಹಾಕಿದಳು. ಅರ್ಧ ಗಂಟೆಯಲ್ಲಿ ಬರೀ ಕಡ್ಡಿ ಉಳಿಯಿತು. ಹುಳುಗಳು ತಲೆ ಎತ್ತಿ ಗಾಳಿಯಲ್ಲಿ ಆ ಕಡೆ ಈ ಕಡೆ ಹುಡುಕತೊಡಗಿದವು. ಬಾಯಿಲ್ಲದ ಜೀವ, ಅಳುವುದಿಲ್ಲ, ಕೂಗುವುದಿಲ್ಲ. ಅದನ್ನು ನೋಡಲಾರದೆ ಅವಳು ಹೊರಗೆ ಬಂದು ಚಪ್ಪಲಿ ಮೆಟ್ಟಿದಳು.

ಹೋಗಬಹುದಾದ ಮನೆ ಒಂದೇ ಒಂದಿತ್ತು, ಹೋಗಬಾರದ ಮನೆಯೂ ಅದೇ. ಕೆರೆ ಏರಿಯಾಚೆಯ ದಸ್ತಗಿರ್ ಅವರದು. ಅವರ ಹುಳು ಎರಡು ದಿನ ಮುಂದಿತ್ತು, ಇಷ್ಟರಲ್ಲಿ ಹಣ್ಣಾಗಿರಬೇಕು. ಆದರೆ ಸೋಮವಾರ ಸಂಜೆ ದಸ್ತಗಿರ್ ಹೆಂಡತಿ ಶಕೀಲಾ ಬಂದು, "ಕವಿತಮ್ಮ, ಬಾವಿ ಪಕ್ಕದ್ದು ಒಂದು ಹೊರೆ ಸಿಗ್ತದಾ?" ಎಂದು ಕೇಳಿದ್ದಳು. ಬಾಗಿಲಿಗೆ ಅಡ್ಡ ನಿಂತು, "ಇಲ್ಲ ಶಕೀಲಕ್ಕ, ನಮಗೇ ಇಲ್ಲ" ಎಂದಿದ್ದಳು ಕವಿತ. ಹುಳುಮನೆಯ ಬಾಗಿಲಲ್ಲೇ ನಿಂತು ಅಂದಿದ್ದಳು. ಶಕೀಲಾ "ಆಯ್ತಮ್ಮ" ಎಂದು ಹೊರಟುಹೋಗಿದ್ದಳು.

ಏರಿಯ ಮೇಲೆ ಕವಿತ ಎರಡು ಸಲ ನಿಂತಳು. ಒಂದು ಸಲ ಹಿಂದಕ್ಕೂ ತಿರುಗಿದಳು. ದೇವರೇ ಎನ್ನಲು ಬಾಯಿ ತೆರೆದರೆ ಅತ್ತೆ ಎಂದು ಬಂತು. ಅವಳು ಬೇಡಿಕೊಂಡದ್ದೆಲ್ಲ ಇಷ್ಟೇ.

ದಸ್ತಗಿರ್ ಅಂಗಳದಲ್ಲಿ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡುತ್ತಿದ್ದರು. ಕವಿತಳನ್ನು ನೋಡಿ ತಲೆಯಾಡಿಸಿ ಒಳಗೆ ಕೂಗಿದರು. ಶಕೀಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಸೊಪ್ಪಿಗೆ ಬಂದ್ಯಾಮ್ಮ?"

"ಅವತ್ತು ಸೊಪ್ಪಿತ್ತು ಶಕೀಲಕ್ಕ. ಇಟ್ಕೊಂಡೂ ಇಲ್ಲ ಅಂದೆ."

"ಗೊತ್ತು. ಟಾರ್ಪಾಲು ಕೆಳಗಡೆ ಕಾಣ್ತಾ ಇತ್ತು."

"ಎಲ್ಲ ಕಾವು ಹಿಡಿದು ಹೋಯ್ತು."

"ಅದೂ ಅಂದ್ಕೊಂಡೆ. ಅಷ್ಟೆತ್ತರ ಒಟ್ಟಿದ್ರೆ ಹಿಡೀದೆ ಇರ್ತದಾ?" ಶಕೀಲಾ ಆಗಲೇ ಹಿತ್ತಲ ಕಡೆ ನಡೆದಿದ್ದಳು. "ಅವತ್ತು ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಮನೆಗೆ ಬಂದು ನಿಮ್ಮತ್ತೇನ ನೆನೆಸ್ಕೊಂಡು ಅತ್ತುಬಿಟ್ಟೆ. ಬೆಳಿಗ್ಗೆ ಎದ್ರೆ ನಂದಿ ಕಡೆಯೋರು ಇವರಿಗೆ ಫೋನ್ ಮಾಡವ್ರೆ, ಸೊಪ್ಪು ಉಳಿದದೆ ಬೇಕಾ ಅಂತ. ಅಲ್ಲಾ ಯಾವ ಕಡೆಯಿಂದ ಕಳಿಸ್ತಾನೋ ನಮಗೇನು ಗೊತ್ತು. ಅದು ಬಂದಿದ್ದಕ್ಕೆ ಹಿತ್ತಲದ್ದು ಕೊಯ್ಯದೆ ಉಳೀತು. ಕೊಯ್ಯೋಕೆ ನೀನೂ ಕೈ ಹಾಕು."

ಇಬ್ಬರೂ ಸೇರಿ ಹಿತ್ತಲ ಸಾಲಿನಲ್ಲಿ ಉಳಿದಿದ್ದುದನ್ನೆಲ್ಲ ಕೊಯ್ದರು. ಮೂರು ಹೊರೆಯಾಯಿತು. ಎರಡಕ್ಕೆ ಹಗ್ಗ ಸಾಕಾಯಿತು. ಮೂರನೆಯದಕ್ಕೆ ಇಲ್ಲ. ಶಕೀಲಾ ಒಳಗೆ ಹೋಗಿ, ಕಿಟಕಿ ಸರಳಿಗೆ ಸುತ್ತಿದ್ದ ಬಟ್ಟೆಯ ಪಟ್ಟಿಯೊಂದನ್ನು ಬಿಚ್ಚಿ ತಂದು ಹೊರೆಗೆ ಬಿಗಿದಳು. ಮಾಸಿದ ಬಿಳಿ, ಒಂದು ಕಡೆ ಹಸಿರು ಅಂಚು.

ಕವಿತ ಅದನ್ನೇ ನೋಡುತ್ತ ನಿಂತಳು.

"ಅವರದೇ," ಎಂದಳು ಶಕೀಲಾ. "ಇಂಥವು ನಮ್ಮನೇಲಿ ಬೇಕಾದಷ್ಟಿದ್ವು. ಮಸಿಬಟ್ಟೆ ಮಾಡಿ ಹರಿದೋದ್ವು. ಇದೊಂದು ಉಳೀತು."

"ಇದು ನನಗೆ ಇರ್ಲಾ ಶಕೀಲಕ್ಕ?"

"ಇಟ್ಕೋ. ನಿಮ್ಮನೇದೇ ಅಲ್ವಾ."

ದಸ್ತಗಿರ್ ಟಿವಿಎಸ್ ಗಾಡಿಗೆ ಹೊರೆಗಳನ್ನು ಹೇರುವಾಗ ಕವಿತಳ ಬಾಯಿಗೆ ಹಳೇ ಚಾಳಿ ಬಂದೇ ಬಂತು. "ನಾಳೆಗೆ?"

ಶಕೀಲಾ ನಕ್ಕಳು. "ಮೊದ್ಲು ಇವತ್ತಿಂದು ಹಾಕ್ಹೋಗಮ್ಮ. ಹಸ್ಕೊಂಡಿರ್ತವೆ."

ಹೊಸ ಸೊಪ್ಪು ಬಿದ್ದೊಡನೆ ಹುಳುಗಳು ಮುತ್ತಿಕೊಂಡವು. ಹುಳುಮನೆಯ ತುಂಬ ಸರಸರ ಸದ್ದು ಎದ್ದಿತು. ಕವಿತ ಅಲ್ಲೇ ನೆಲದ ಮೇಲೆ ಕೂತಳು. ಅತ್ತೆಯೂ ಹೀಗೇ, ಇದೇ ಗೋಡೆಗೆ ಒರಗಿ, ಈ ಸದ್ದು ಕೇಳುತ್ತ ತೂಕಡಿಸುತ್ತಿದ್ದಳು. ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದಳು. ಅತ್ತೆಯ ವಾಸನೆ ಎಂದೋ ಹೋಗಿತ್ತು, ಶಕೀಲಾಳ ಮನೆಯ ಸೋಪಿನ ವಾಸನೆಯಿತ್ತು. ಆದರೂ ಅವಳು ತುಂಬ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು. ಅಳು ಬಂತು, ಅತ್ತಳು. ಹಾಗೇ ಕಣ್ಣು ಮುಚ್ಚಿತು. ಎಷ್ಟೋ ತಿಂಗಳಾಗಿತ್ತು ಅವಳು ಹೀಗೆ ನಿದ್ದೆ ಮಾಡಿ.

ಎದ್ದಾಗ ಬಿಸಿಲು ಇಳಿದಿತ್ತು. ಸೊಪ್ಪು ಅರ್ಧ ಖಾಲಿಯಾಗಿತ್ತು. ಮೂಲೆಯ ಅಟ್ಟಣಿಗೆಯಲ್ಲಿ ನಾಲ್ಕೈದು ಹುಳು ತಿನ್ನುವುದನ್ನು ಬಿಟ್ಟು ತಲೆ ಎತ್ತಿದ್ದವು. ಒಂದನ್ನು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದಳು. ಕೊರಳಿನ ಹತ್ತಿರ ಮೈ ತಿಳಿಯಾಗಿ ಹಳದಿಗೆ ತಿರುಗುತ್ತಿತ್ತು, ಹಣ್ಣಾಗುವ ಗುರುತು. ನಾಲ್ಕೈದೇ. ಉಳಿದವು ಇನ್ನೂ ತಿನ್ನುತ್ತಲೇ ಇದ್ದವು.

ಪಟ್ಟಿಯನ್ನು ಮಡಿಸಿ ಟ್ರಂಕಿನಲ್ಲಿಡಲೆಂದು ಒಳಗೆ ಹೋದಳು. ಮುಚ್ಚಳ ತೆಗೆದಳು. ಪಟ್ಟಿಯನ್ನು ಒಳಗಿಡದೆ ಮತ್ತೆ ಮುಚ್ಚಿ ತೋಟಕ್ಕೆ ನಡೆದಳು.

ಡ್ಯೂಟಿ ಮುಗಿಸಿ ಬಂದ ಸುನೀಲ್‌ಕುಮಾರ್ ಹುಳುಮನೆಗೆ ಇಣುಕಿ, ಹೆಂಡತಿಯನ್ನು ಹುಡುಕುತ್ತ ಬಾವಿಯ ಹತ್ತಿರ ಬಂದ. ಬೋಳಾಗಿ ನಿಂತ ಸಾಲಿನ ಮೊದಲ ಮೋಟಿನ ಮುಂದೆ ಅವಳು ಕುಕ್ಕರುಗಾಲಲ್ಲಿ ಕೂತಿದ್ದಳು.

"ಸೊಪ್ಪು ಎಲ್ಲಿ ಸಿಗ್ತು? ನಾಳೆಗಿದೆಯಾ?"

"ನಾಳೆಗೆ ನಾಳೆ ನೋಡಣ."

ಅವಳ ಬಾಯಲ್ಲಿ ಆ ಮಾತು ಕೇಳಿ ಅವನು ಕಕ್ಕಾಬಿಕ್ಕಿಯಾದ. ಆಮೇಲೆ ಅವಳ ಕೈಯಲ್ಲಿದ್ದುದು ಕಂಡಿತು. ಗುರುತು ಹಿಡಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ದನಿ ಇಳಿಯಿತು.

"ಭಾನುವಾರ ಕೀಳಿಸೋ ಗಿಡಕ್ಕೆ ಯಾಕೆ ಕಟ್ತಿದೀಯ?"

ಕವಿತ ಮೋಟಿಗೆ ಇನ್ನೊಂದು ಸುತ್ತು ಸುತ್ತಿದಳು. ಪಟ್ಟಿಯ ಎರಡನೇ ಗಂಟು ಜಾರುತ್ತಿತ್ತು. ಅವನು ಚೀಲವನ್ನು ಬಾವಿಕಟ್ಟೆಯ ಮೇಲಿಟ್ಟು, ಅವಳ ಪಕ್ಕ ಕೂತು, ಮೊದಲನೇ ಗಂಟಿನ ಮೇಲೆ ಬೆರಳು ಒತ್ತಿ ಹಿಡಿದ.